ಕೇಳದ ಕಿವಿಗೆ ಸೂತಕವಿಲ್ಲ

ನೊರ್ಯಾಂಗ್ ಜಲಸಂಧಿಯ ದಡದಲ್ಲಿರುವ ಬುಕ್‌ಗೊಲ್ ಎಂಬ ಹಳ್ಳಿಯಲ್ಲಿ ಯಾರಿಗಾದರೂ ಕಣ್ಣೆದುರಿಗೇ ಬಸ್ಸು ತಪ್ಪಿದರೆ, ಗೊತ್ತಾದ ಮದುವೆ ಮುರಿದುಬಿದ್ದರೆ, ದೋಣಿಗೆ ಎಳೆಯುವ ಹೊತ್ತಿಗೆ ದೊಡ್ಡ ಮೀನು ಜಾರಿಕೊಂಡರೆ, ಜನ "ಪ್ಯೋ ಮನೆಯವರ ಬಟ್ಟಲು" ಎನ್ನುತ್ತಿದ್ದರು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂದು ಬೇರೆಯವರು ಉದ್ದಕ್ಕೆ ಹೇಳುವುದನ್ನು ಈ ಊರಿನವರು ಮೂರು ಮಾತಿನಲ್ಲಿ ಹೇಳಿ ಮುಗಿಸುತ್ತಿದ್ದರು. ಹೇಳುವವರಿಗೆ ಅದು ಬರೀ ಬಾಯಿಮಾತು. ಆ ಮನೆಯ ಪ್ಯೋ ದೊಕ್‌ಬೇಗೆ ಮಾತ್ರ ಅರವತ್ತಾರು ವರ್ಷವಾದರೂ ಅದನ್ನು ಕೇಳಿದಾಗೆಲ್ಲ ಕಿವಿ ಕೆಂಪಾಗುತ್ತಿತ್ತು.

ಬಟ್ಟಲು ಎಂದರೆ ದಳವಾಯಿಗಳ ಗುಡಿಯ ಬಟ್ಟಲು. ಊರಿನ ಮೇಲುಗಡೆ ಪೈನ್ ಮರಗಳ ನಡುವೆ ದಳವಾಯಿ ಯಿ ಸುನ್‌ಸಿನ್ನರ ಸಣ್ಣದೊಂದು ಗುಡಿಯಿದೆ. ನಾನೂರು ವರ್ಷದ ಹಿಂದೆ ಒಂದು ಚಳಿಗಾಲದ ಮುಂಜಾನೆ, ತಮ್ಮ ದೇಶಕ್ಕೆ ಓಡಿಹೋಗುತ್ತಿದ್ದ ಜಪಾನಿನ ಹಡಗುಗಳನ್ನು ಅವರು ಈ ಕಿರಿದಾದ ನೀರಿನಲ್ಲೇ ಅಡ್ಡಗಟ್ಟಿ ಮುರಿದರು. ಗೆಲುವು ಕಣ್ಣಿಗೆ ಕಾಣುವ ಹೊತ್ತಿಗೆ ಗುಂಡು ತಗುಲಿ ಬಿದ್ದರು. "ಯುದ್ಧ ಜೋರಾಗಿದೆ, ನಾನು ಸತ್ತೆನೆಂದು ಯಾರಿಗೂ ಹೇಳಬೇಡಿ" ಎಂದದ್ದೇ ಕೊನೆಯ ಮಾತು. ಅವರ ಅಣ್ಣನ ಮಗ ಅವರದೇ ಜಾಗದಲ್ಲಿ ನಿಂತು ಅಪ್ಪಣೆ ಕೊಡುತ್ತಾ ಹೋದ. ಸಾವಿನ ಸುದ್ದಿ ಸೈನ್ಯಕ್ಕೆ ಗೊತ್ತಾದದ್ದು ಗೆದ್ದ ಮೇಲೆ. ಆ ದಿನ, ಅಂದರೆ ಚಾಂದ್ರಮಾನದ ಹನ್ನೊಂದನೆಯ ತಿಂಗಳ ಹತ್ತೊಂಬತ್ತಕ್ಕೆ, ಬುಕ್‌ಗೊಲ್‌ನವರು ಗುಡಿಯಲ್ಲಿ ಎಡೆ ಇಟ್ಟು ಮೂರು ಬಟ್ಟಲು ಅಕ್ಕಿಯ ಮದ್ಯ ಅರ್ಪಿಸುತ್ತಾರೆ.

ಅರ್ಪಿಸುವವರು ಮೂರು ದಿನ ಮಡಿಯಲ್ಲಿರಬೇಕು. ಕಾಯಿಲೆಯವರನ್ನು ನೋಡಕೂಡದು, ಸಾವಿನ ಮನೆಗೆ ಹೋಗಕೂಡದು, ಕೊನೆಯ ರಾತ್ರಿ ಗುಡಿಯ ಪಕ್ಕದ ಕೋಣೆಯಲ್ಲೇ ಮಲಗಬೇಕು. ಬೆಳಿಗ್ಗೆ ಗುಡಿಯ ಬಾಗಿಲಲ್ಲಿ ಊರಿನ ಹಿರಿಯರೊಬ್ಬರು ಕೇಳುತ್ತಾರೆ: ಮೈ ಶುದ್ಧವೇ, ಮನಸ್ಸು ಶುದ್ಧವೇ, ಸಾವಿನ ಸುದ್ದಿ ಕಿವಿಗೆ ಬಿದ್ದಿದೆಯೇ. ಮೂರಕ್ಕೂ ಸರಿಯಾದ ಉತ್ತರ ಬಂದರೆ ಮಾತ್ರ ಒಳಗೆ ಬಿಡುತ್ತಾರೆ. ಆಮೇಲೆ ಅಂಗಳದಲ್ಲಿ ಇದುವರೆಗೆ ಮೊದಲ ಬಟ್ಟಲು ಅರ್ಪಿಸಿದವರ ಹೆಸರುಗಳನ್ನೆಲ್ಲ, ಹೋದ ವರ್ಷದವರಿಂದ ಶುರುಮಾಡಿ ಹಿಂದಕ್ಕೆ, ಗಟ್ಟಿಯಾಗಿ ಓದುತ್ತಾರೆ. ಆ ಪಟ್ಟಿಯಲ್ಲಿ ಇದ್ದದ್ದು ದಳವಾಯಿಗಳ ಕೈಕೆಳಗೆ ಅಧಿಕಾರಿಗಳಾಗಿದ್ದವರ ವಂಶದ ಮೂರೇ ಮನೆತನಗಳು. ಪ್ಯೋ ಮನೆಯವರು ಹಡಗಿನಲ್ಲಿ ಹುಟ್ಟು ಹಾಕುತ್ತಿದ್ದವರ ವಂಶ. ಹಡಗು ಓಡಿದ್ದು ಅವರ ತೋಳಿನಿಂದಲೇ ಎನ್ನಿ. ಆದರೆ ಗುಡಿಯಲ್ಲಿ ಅವರ ಪಾಲಿಗೆ ಬಂದದ್ದು ಹೊರಗೆ ಕುಳಿತು ಹಿತ್ತಾಳೆ ಪಾತ್ರೆ ಬೆಳಗುವ ಕೆಲಸ.

ದೊಕ್‌ಬೇಗೆ ಎಂಟು ವರ್ಷವಾಗಿದ್ದಾಗ ಒಮ್ಮೆ ಮೂರನೆಯ ಬಟ್ಟಲಿನವರು ಜ್ವರ ಬಂದು ಮಲಗಿದರು. ಬೇರೆ ಯಾರೂ ಸಿಗದೆ ಅವನ ಅಪ್ಪನನ್ನು ಕರೆದರು. ಅಪ್ಪ ಎರವಲು ನಿಲುವಂಗಿ ತೊಟ್ಟು, ಕುದುರೆಗೂದಲಿನ ಕರಿ ಟೋಪಿ ಇಟ್ಟು, ಬಾಗಿಲಿಗೆ ಬಂದು ನಿಂತ. ಮೂರನೆಯ ಪ್ರಶ್ನೆ ಕೇಳಿದರು. "ಬಿದ್ದಿದೆ ಬುದ್ಧಿ. ನಿನ್ನೆ ಆಚೆ ದಡದಲ್ಲಿ ಒಬ್ಬ ದೋಣಿಯವನು ಹೋದ. ಹೆಣ ಹೊರೋಕೆ ಜನ ಸಾಲದೆ ನಾನೂ ಹೆಗಲು ಕೊಟ್ಟೆ" ಎಂದುಬಿಟ್ಟ. ಯಾರಿಗೂ ಗೊತ್ತಿರದ ಸಂಗತಿ. ಇಲ್ಲ ಎಂದಿದ್ದರೆ ಆಗಿಹೋಗುತ್ತಿತ್ತು. ಅಂಗಳದಲ್ಲಿದ್ದವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಅಪ್ಪ ಅಲ್ಲೇ ನಿಲುವಂಗಿ ಬಿಚ್ಚಿ ಮಡಿಸಿ, ಹೋಗಿ ಪಾತ್ರೆಗಳ ಮುಂದೆ ಕುಳಿತ. ಆ ನಿಲುವಂಗಿಯನ್ನು ಹಿಂದಕ್ಕೆ ಕೊಟ್ಟುಬಂದವಳು ಹದಿನಾಲ್ಕು ವರ್ಷದ ಅಕ್ಕ ಬೊಂಗ್‌ಸುನ್. ದಾರಿಯಲ್ಲಿ ತಮ್ಮನ ಕೈ ಹಿಡಿದುಕೊಂಡು, ಅಳುತ್ತಲೇ, "ನೀನು ಬಟ್ಟಲು ಹಾಕ್ತೀಯ ಕಣೋ. ಮೂರನೇದಲ್ಲ, ಮೊದಲನೇದು" ಎಂದಿದ್ದಳು.

ಅಪ್ಪ ಪೆದ್ದ ಎಂದು ದೊಕ್‌ಬೇ ಅವತ್ತೇ ತೀರ್ಮಾನಿಸಿದ್ದ. ಆ ತೀರ್ಮಾನವನ್ನು ಐವತ್ತೆಂಟು ವರ್ಷ ಜೋಪಾನ ಮಾಡಿಕೊಂಡು ಬಂದಿದ್ದ.

ಕಾಲ ಯಾರಪ್ಪನ ಮನೆಯ ಸ್ವತ್ತೂ ಅಲ್ಲ. ಮೂರು ಮನೆತನಗಳಲ್ಲಿ ಒಂದು ಬುಸಾನಿಗೆ ಹೋಯಿತು, ಇನ್ನೊಂದು ಮಸಣಕ್ಕೆ ಹೋಯಿತು. ಉಳಿದದ್ದು ನಾಮ್‌ಗುಂಗ್ ಮನೆತನ. ಅದರ ಹಿರಿಯರಿಗೆ ಎಂಬತ್ತನಾಲ್ಕು. ನಾಲ್ಕು ಸಲ ಬಗ್ಗಿ ನಮಸ್ಕರಿಸಿದರೆ ಎಬ್ಬಿಸಲು ಇಬ್ಬರು ಬೇಕು. ಮಗ ಚರ್ಚಿಗೆ ಸೇರಿ, ಸತ್ತವರಿಗೆ ಎಡೆ ಇಡುವುದು ತನಗೆ ಒಗ್ಗುವುದಿಲ್ಲ ಎಂದ. ಆ ವರ್ಷದ ಸಭೆಯಲ್ಲಿ ನಾಮ್‌ಗುಂಗರು ಕೋಲೂರಿಕೊಂಡು ಎದ್ದುನಿಂತು, ಮೊದಲ ಬಟ್ಟಲು ದೊಕ್‌ಬೇ ಹಾಕಲಿ ಎಂದರು. ಯಾರೂ ಬೇಡವೆನ್ನಲಿಲ್ಲ. ಬೇಡವೆನ್ನಲು ಜನರಾದರೂ ಎಲ್ಲಿದ್ದರು?

ದೊಕ್‌ಬೇ ಹಾಲು ಕುಡಿದಷ್ಟು ಹಿಗ್ಗಿದ. ಅವನಿಗಿಂತ ಹೆಚ್ಚು ಹಿಗ್ಗಿದವಳು ಅಕ್ಕ. ಬೊಂಗ್‌ಸುನ್ ನಲವತ್ತು ವರ್ಷ ಊರಿನ ಷೆಡ್ಡಿನಲ್ಲಿ ಕಡಲ ಸಿಂಪಿಯ ಚಿಪ್ಪು ಬಿಡಿಸಿ ತಮ್ಮನನ್ನು ಓದಿಸಿದವಳು, ಅವನಿಗೆ ಮೊದಲ ದೋಣಿ ಕೊಡಿಸಿದವಳು. ಈಗ ಜಿಂಜು ಪಟ್ಟಣದ ಆಸ್ಪತ್ರೆಯಲ್ಲಿ ಎದೆಯ ಕಾಯಿಲೆಗೆ ಮಲಗಿದ್ದಳು, ಜೊತೆಗೆ ಮಗಳು ಸುರ್ಯೋನ್. ಮಡಿ ಹಿಡಿಯುವ ಹಿಂದಿನ ದಿನ ಅವಳೇ ಫೋನು ಮಾಡಿ, ನೋಡೋಕೆ ಬರಬೇಡ, ಕಾಯಿಲೆಯವಳ ಮೈಲಿಗೆ ಹತ್ತಿಸಿಕೊಳ್ಳಬೇಡ, ಬಟ್ಟಲು ಹಾಕಿ ಆಮೇಲೆ ಬಂದು ಹೇಗಿತ್ತು ಅಂತ ಒಂದೂ ಬಿಡದೆ ಹೇಳು ಎಂದಿದ್ದಳು. ಉಸಿರು ಸಾಲದೆ ನಡುನಡುವೆ ನಿಲ್ಲಿಸಿ ಹೇಳಿದಳು.

ಗುಡಿಯ ಪಕ್ಕದ ಕೋಣೆಗೆ ಬಂದವರು ಫೋನು ಆರಿಸಿಡಬೇಕು. ದೊಕ್‌ಬೇ ಆರಿಸಲಿಲ್ಲ, ಸದ್ದು ಮಾತ್ರ ತೆಗೆದು ಒಳಅಂಗಿಯ ಜೇಬಿನಲ್ಲಿ ಇಟ್ಟುಕೊಂಡಿದ್ದ. ಹತ್ತೊಂಬತ್ತರ ಬೆಳಿಗ್ಗೆ ಆರಕ್ಕೆ, ಎರಡನೆಯ ಮತ್ತು ಮೂರನೆಯ ಬಟ್ಟಲಿನವರು ಬಾವಿಯ ಹತ್ತಿರ ಮೈ ತೊಳೆಯುತ್ತಿರುವಾಗ, ಅದು ಎದೆಯ ಮೇಲೆ ನಡುಗಿತು. ಅವನು ಹಿತ್ತಲಿಗೆ ಹೋಗಿ, ಎಲೆ ಉದುರಿದ ಹಣ್ಣಿನ ಮರದ ಹಿಂದೆ ನಿಂತು ಕಿವಿಗೆ ಹಿಡಿದ.

"ಮಾವ, ಅಮ್ಮ ಹೋಗಿಬಿಟ್ಲು" ಎಂದಳು ಸುರ್ಯೋನ್. "ಐದು ಗಂಟೆಗೆ."

ಅವನು ಮರಕ್ಕೆ ಕೈಯಾನಿಸಿದ. ಅಕ್ಕನ ಮುಖ ಕಣ್ಣ ಮುಂದೆ ಬಂತು, ಅದು ಸುಳ್ಳಲ್ಲ. ಆದರೆ ಅದರ ಬೆನ್ನಿಗೇ, ಅರೆಕ್ಷಣವೂ ತಡಮಾಡದೆ, ಗುಡಿಯ ಬಾಗಿಲು ಬಂತು, ಮೂರನೆಯ ಪ್ರಶ್ನೆ ಬಂತು, ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ ಅಂಗಳ ಬಂತು. ಅಕ್ಕನ ಸಾವಿಗೆ ಸೂತಕ ಉಂಟೇ ಉಂಟು. ಹೇಳಿದರೆ ನಿಲುವಂಗಿ ಬಿಚ್ಚಬೇಕು. ಪ್ಯೋ ಮನೆಯವರ ಬಟ್ಟಲು ಇನ್ನೊಂದು ನೂರು ವರ್ಷ ಊರಿನ ಬಾಯಲ್ಲಿ ಉಳಿಯುತ್ತದೆ.

ಸುರ್ಯೋನ್ ಇನ್ನೂ ಏನೋ ಹೇಳಲು ಹೊರಟಿದ್ದಳು, ಅತ್ತೆ ಎಂಬ ಮಾತು ಕೇಳಿಸಿತು. ಅವನು ನಡುವೆಯೇ ತಡೆದ.

"ಮಧ್ಯಾಹ್ನದವರೆಗೂ ಯಾರ ಹತ್ರಾನೂ ಬಾಯಿ ಬಿಡಬೇಡ ಮಗಳೇ. ನೀನು ನಂಗೆ ಫೋನ್ ಮಾಡಿಲ್ಲ. ತಿಳೀತಾ?"

ಅವಳು "ಆಯ್ತು ಮಾವ" ಎಂದಳು. ಅವನು ಫೋನು ಆರಿಸಿ, ಬಾವಿಗೆ ಬಂದು, ತಣ್ಣೀರು ಸುರಿದುಕೊಂಡ. ದಳವಾಯಿಗಳೇ ಸಾವನ್ನು ಮುಚ್ಚಿಟ್ಟರಲ್ಲ ಎಂದುಕೊಂಡ. ಕೆಲಸ ಕೆಡಬಾರದು ಎಂದು ತಾನೇ ಮುಚ್ಚಿಟ್ಟದ್ದು? ನಾನು ಮಾಡುತ್ತಿರುವುದೂ ಅದೇ. ಅಕ್ಕನೂ ಇದನ್ನೇ ಬಯಸಿದ್ದು. ಒಂದೊಂದು ಚೊಂಬು ನೀರಿಗೆ ಒಂದೊಂದು ಕಾರಣ ಸಿಗುತ್ತಾ ಹೋಯಿತು. ಕಾರಣಗಳಿಗೆ ಎಂದೂ ಬರಗಾಲವಿಲ್ಲ, ಅದರಲ್ಲೂ ತಪ್ಪು ಮಾಡಹೊರಟವನಿಗೆ.

ಹತ್ತು ಗಂಟೆಗೆ ಜನ ಸೇರಿದರು. ಪಟ್ಟಣದಿಂದ ಅಧಿಕಾರಿಗಳೂ ಇಬ್ಬರು ಬಂದಿದ್ದರು. ಎಡೆಯ ಅಡುಗೆಗೆ ನಿಂತಿದ್ದ ಹೆಂಗಸರ ನಡುವೆ ಹೆಂಡತಿ ಒಕ್‌ಬುನ್ ಕಾಣಲಿಲ್ಲ. ವಿಚಾರಿಸಿದರೆ, ಬೆಳಿಗ್ಗೆ ಜ್ವರ ಬಂತಂತೆ, ಮನೆಗೆ ಹೋದಳು ಎಂದರು. ದೊಕ್‌ಬೇಗೆ ನಿರಾಳವಾಯಿತು. ಮೂವತ್ತೆಂಟು ವರ್ಷ ಜೊತೆಗಿದ್ದವಳು ಮುಖ ನೋಡಿದರೆ ಹೊಟ್ಟೆಯಲ್ಲಿರುವುದನ್ನು ಓದಿಬಿಡುತ್ತಾಳೆ.

ಬಾಗಿಲಲ್ಲಿ ನಾಮ್‌ಗುಂಗರು ಕೋಲೂರಿಕೊಂಡು ನಿಂತಿದ್ದರು. ಮೊದಲ ಎರಡು ಪ್ರಶ್ನೆ ಸಲೀಸಾಗಿ ಕೇಳಿದರು. ಮೂರನೆಯದಕ್ಕೆ ಅವರ ದನಿ ನಡುಗಿತು. "ಸಾವಿನ ಸುದ್ದಿ ಕಿವಿಗೆ ಬಿದ್ದಿದೆಯೇ?" ಎಂದು ಕೇಳಿ, ಅವನ ಮುಖವನ್ನೇ ನೋಡುತ್ತಾ ನಿಂತರು. ಮುದುಕರಿಗೆ ಚಳಿ ಹತ್ತಿರಬೇಕು ಎಂದುಕೊಂಡ ದೊಕ್‌ಬೇ.

"ಇಲ್ಲ" ಎಂದ.

ನಾಮ್‌ಗುಂಗರು ದೀರ್ಘವಾಗಿ ಉಸಿರು ಬಿಟ್ಟು ಪಕ್ಕಕ್ಕೆ ಸರಿದರು.

ಆಮೇಲೆ ನಡೆದದ್ದೆಲ್ಲ ಅಚ್ಚುಕಟ್ಟಾಗಿ ನಡೆಯಿತು. ಹೆಸರುಗಳನ್ನು ಓದಿದರು. ದಳವಾಯಿಗಳ ಸಾವಿನ ಒಕ್ಕಣೆಯನ್ನು ರಾಗವಾಗಿ ಓದಿದರು. ದೊಕ್‌ಬೇ ಮಂಡಿಯೂರಿ, ಎರಡೂ ಕೈಯಲ್ಲಿ ಬಟ್ಟಲು ಎತ್ತಿ, ಧೂಪದ ಹೊಗೆಯ ಮೇಲೆ ಮೂರು ಸುತ್ತು ತಿರುಗಿಸಿ, ಎಡೆಯ ಮುಂದೆ ಇಟ್ಟ. ಒಂದು ಹನಿ ಚೆಲ್ಲಲಿಲ್ಲ. ಕೈ ಒಂದಿಷ್ಟೂ ನಡುಗಲಿಲ್ಲ. ಇಷ್ಟು ನಯವಾಗಿ ಬಟ್ಟಲು ಇಟ್ಟವರನ್ನು ನೋಡಿಯೇ ಇಲ್ಲ ಎಂದು ಅಂಗಳದಲ್ಲಿ ಮಾತಾಡಿಕೊಂಡರು. ಅದು ಅವನ ಕಿವಿಗೂ ಬಿತ್ತು. ನಾಚಿಕೆಯಿಲ್ಲದ ಕಿವಿ, ಅದಕ್ಕೆ ಹಿತವೂ ಆಯಿತು.

ಎಡೆಯ ಪ್ರಸಾದ ಹಂಚುವ ಹೊತ್ತಿಗೆ ನಾಮ್‌ಗುಂಗರು ಅವನ ತೋಳು ಹಿಡಿದು ಪಕ್ಕದ ಕೋಣೆಗೆ ಕರೆದುಕೊಂಡು ಹೋದರು. ಬಾಗಿಲು ಹಾಕಿದರು. ಕೋಲನ್ನು ಗೋಡೆಗೆ ಒರಗಿಸಿ, ಕಷ್ಟಪಟ್ಟು ಮಂಡಿಯೂರಿ, ತಮಗಿಂತ ಹದಿನೆಂಟು ವರ್ಷ ಚಿಕ್ಕವನ ಮುಂದೆ ಹಣೆಯನ್ನು ನೆಲಕ್ಕೆ ಹಚ್ಚಿದರು. ದೊಕ್‌ಬೇ ಗಾಬರಿಯಾಗಿ ಎಬ್ಬಿಸಲು ಹೋದ. ಅವರು ಏಳಲಿಲ್ಲ.

"ನಾನು ನಿಂಗೆ ದ್ರೋಹ ಮಾಡಿದೆ ಕಣಪ್ಪ. ನಿನ್ನಕ್ಕ ಬೆಳಿಗ್ಗೆ ಐದಕ್ಕೆ ತೀರಿಕೊಂಡ್ಲು. ಮಗಳು ನಿನ್ನ ಹೆಂಡ್ತಿಗೆ ಫೋನ್ ಮಾಡಿದ್ಲು, ಅವಳು ಓಡಿಬಂದು ನಂಗೆ ಹೇಳಿದ್ಲು. ಕೇಳದ ಕಿವಿಗೆ ಸೂತಕವಿಲ್ಲ ಅಂತಾರೆ. ಅದಕ್ಕೇ ನಿನ್ನ ಕಿವಿಗೆ ಹಾಕಬೇಡ ಅಂತ ನಾನೇ ತಡೆದೆ. ಅವಳನ್ನ ಜ್ವರ ಅಂತ ಮನೆಗೆ ಕಳಿಸಿದೆ. ಬಾಗಿಲಲ್ಲಿ ಕೇಳುವಾಗ, ಎಲ್ಲಿ ನಿಂಗೆ ಗೊತ್ತಾಗಿಬಿಟ್ಟಿದೆಯೋ ಅಂತ ಜೀವ ಬಾಯಿಗೆ ಬಂದಿತ್ತು. ನೀನು ಇಲ್ಲ ಅಂದೆ. ಅಲ್ಲಿಗೆ ಬಟ್ಟಲು ಶುದ್ಧ. ಪಾಪ ಏನಿದ್ರೂ ನಂದು."

ಸುದ್ದಿ ಕಿವಿಗೆ ಬಿದ್ದ ಮೇಲೆಯೇ ಸೂತಕ ಶುರುವಾಗುವುದು. ಈ ಕಡೆಯವರಿಗೆಲ್ಲ ಗೊತ್ತಿರುವ ನಿಯಮ. ಸುರ್ಯೋನ್ ಮಾವನಿಗೆ ಫೋನು ಮಾಡದೆ ಇದ್ದಿದ್ದರೆ, ಅಥವಾ ಅವನು ಫೋನು ಆರಿಸಿಟ್ಟಿದ್ದರೆ, ಅಕ್ಕ ಸತ್ತೂ ಬಟ್ಟಲು ಶುದ್ಧವಾಗಿಯೇ ಉಳಿಯುತ್ತಿತ್ತು. ಇಡೀ ಊರಿನ ಪರವಾಗಿ ಒಬ್ಬ ಮುದುಕ ಅವನಿಗೆ ಅಂಥ ಏರ್ಪಾಟು ಮಾಡಿಕೊಟ್ಟಿದ್ದ.

ಹೇಳುವುದಾದರೆ ಆಗಲೇ ಹೇಳಬೇಕಿತ್ತು. ಬಾಯಿ ತೆರೆದರೆ ನಾಲ್ಕು ಮಾತು. ದೊಕ್‌ಬೇ ಬಾಯಿ ತೆರೆದ, "ಅಯ್ಯೋ ಅಕ್ಕಾ" ಎಂದು ನೆಲಕ್ಕೆ ಕುಸಿದ. ಈಗತಾನೇ ಕೇಳಿದವನ ಹಾಗೆ ಎದೆ ಹಿಡಿದುಕೊಂಡ, ಎಷ್ಟೊತ್ತಿಗೆ, ಯಾರಿದ್ದರು ಹತ್ತಿರ ಎಂದು ಕೇಳಿದ. ಅಳು ಬಂತು. ಅಳು ನಿಜವಾದದ್ದೇ, ಹೊತ್ತು ಮಾತ್ರ ಸುಳ್ಳು. ಮುದುಕರು ಅವನ ಬೆನ್ನು ಸವರುತ್ತಾ ತಾವೂ ಅತ್ತರು. ಆ ಕೈ ಬೆನ್ನ ಮೇಲೆ ಹೋಗಿಬರುವಾಗ ಅವನಿಗೆ ಮೊದಲ ಸಲ ತನ್ನ ಮೇಲೆ ಹೇಸಿಗೆಯಾಯಿತು. ಆದರೂ ಸುಮ್ಮನಿದ್ದ.

ಮನೆಯಲ್ಲಿ ಒಕ್‌ಬುನ್ ಅವನ ಕಪ್ಪು ಸೂಟನ್ನು ಇಸ್ತ್ರಿ ಮಾಡಿ, ಚೀಲ ಕಟ್ಟಿ ಕೂತಿದ್ದಳು. ಅವಳ ಕಣ್ಣು ಊದಿಕೊಂಡಿತ್ತು. ತಾನು ಬೆಳಿಗ್ಗೆಯಿಂದ ಮುಚ್ಚಿಟ್ಟದ್ದಕ್ಕೆ ಬೈಯುತ್ತಾನೆ ಎಂದು ಕಾದಿದ್ದಳೋ ಏನೋ, ಅವನು ಬೈಯದಿದ್ದುದನ್ನು ಕಂಡು ಇನ್ನಷ್ಟು ಅತ್ತಳು. "ನಿಮ್ಮ ಮನಸ್ಸು ದೊಡ್ಡದು" ಎಂದಳು. ದೊಕ್‌ಬೇ ಜಿಂಜುವರೆಗೂ ಬಸ್ಸಿನ ಕಿಟಕಿಯಾಚೆ ನೋಡುತ್ತಲೇ ಕುಳಿತಿದ್ದ.

ಆಸ್ಪತ್ರೆಯ ಕೆಳಗಿನ ಅಂತಸ್ತಿನಲ್ಲಿ, ಸತ್ತವರಿಗೆ ಕೊನೆಯ ನಮಸ್ಕಾರ ಮಾಡಲು ಬರುವವರಿಗಾಗಿ ಕೋಣೆಗಳ ಸಾಲು. ಮೂರನೆಯ ಕೋಣೆಯಲ್ಲಿ ಬಿಳಿ ಸೇವಂತಿಗೆಯ ನಡುವೆ ಅಕ್ಕನ ಫೋಟೋ ಇತ್ತು. ಷೆಡ್ಡಿನ ಹಬ್ಬವೊಂದರಲ್ಲಿ ತೆಗೆದದ್ದು, ಪಕ್ಕದಲ್ಲಿದ್ದವರನ್ನು ಕತ್ತರಿಸಿ ದೊಡ್ಡದು ಮಾಡಿಸಿದ್ದರು. ಕತ್ತರಿಸಿದವರ ಪೈಕಿ ಒಬ್ಬರ ಕೈ ಇನ್ನೂ ಅಕ್ಕನ ಭುಜದ ಮೇಲೆ ಉಳಿದಿತ್ತು. ಅದು ತನ್ನದೇ ಕೈ ಎಂದು ದೊಕ್‌ಬೇ ಗುರುತು ಹಿಡಿದ. ಬಟ್ಟಲು ತೆಗೆದುಕೊಂಡು ಮದ್ಯ ಹಾಕಲು ಹೋದ. ಬೆಳಿಗ್ಗೆ ನಡುಗದ ಕೈ ಈಗ ಗಡಗಡ ನಡುಗಿ, ಅರ್ಧ ಚಾಪೆಯ ಮೇಲೆ ಚೆಲ್ಲಿತು.

ಸುರ್ಯೋನ್ ಕಪ್ಪು ಬಟ್ಟೆಯಲ್ಲಿ ಪಕ್ಕದಲ್ಲಿ ನಿಂತಿದ್ದಳು. ಮಾವನನ್ನು ಬೈಯಲಿಲ್ಲ, ಮುಖ ತಿರುಗಿಸಲೂ ಇಲ್ಲ. ಚೆಲ್ಲಿದ್ದನ್ನು ಬಟ್ಟೆಯಿಂದ ಒರೆಸಿ, ಮಾವ ಊಟ ಮಾಡಿ ಎಂದಳು. ಕೆಂಪನೆಯ ಖಾರದ ಸಾರು ತಂದಿಟ್ಟಳು. ಅವನು ಚಮಚ ಕೈಗೆ ತೆಗೆದುಕೊಂಡು ಸುಮ್ಮನೆ ಕೂತಾಗ, ಅವಳೇ ಎದುರಿಗೆ ಕೂತು ಸಣ್ಣ ದನಿಯಲ್ಲಿ ಮಾತಾಡಿದಳು.

"ನಿಮಗೆ ಹೇಳಬೇಡ ಅಂತ ಅತ್ತೆ ಅಂದಿದ್ರು. ಅಮ್ಮನೂ ಅಂದಿದ್ಲು, ರಾತ್ರಿ. ನಾನು ಸತ್ರೂ ಬಟ್ಟಲು ಆಗೋವರೆಗೆ ಅವನ ಕಿವಿಗೆ ಹಾಕಬೇಡ ಅಂತ. ನಾನೇ ತಡೀಲಾರದೆ ಮಾಡಿಬಿಟ್ಟೆ. ತಪ್ಪು ನಂದು ಮಾವ. ಹೇಳಿದ್ರೆ ನೀವು ಎದ್ದು ಬಂದೇ ಬರ್ತೀರ ಅಂದ್ಕೊಂಡೆ."

ಅವಳು ತಪ್ಪು ತನ್ನದೆಂದು ಮನಸಾರೆ ಹೇಳುತ್ತಿದ್ದಳು. ಅದರಲ್ಲಿ ಚುಚ್ಚುಮಾತು ಇದ್ದಿದ್ದರೆ ಅವನು ಹೇಗೋ ತಡೆದುಕೊಳ್ಳುತ್ತಿದ್ದ.

ನಾಲ್ಕು ಗಂಟೆಗೆ ನಾಮ್‌ಗುಂಗರು ಬಂದರು. ಷೆಡ್ಡಿನ ಹೆಂಗಸರು ಅವರನ್ನು ಕಾರಿನಲ್ಲಿ ಕೂರಿಸಿಕೊಂಡು ಬಂದಿದ್ದರು. ಫೋಟೋದ ಮುಂದೆ ಎರಡು ಸಲ ಬಗ್ಗಿ, ಎದ್ದು, ಸತ್ತವಳ ಜೊತೆ ಗಟ್ಟಿಯಾಗಿ ಮಾತಾಡಿದರು. "ನಿನ್ನ ತಮ್ಮ ಬಟ್ಟಲು ಹಾಕಿದ ಕಣಮ್ಮ, ಎಷ್ಟು ಚೆಂದ ಹಾಕಿದ. ನೀನು ಹೋದ ಸುದ್ದೀನ ನಾನೇ ಅವನಿಂದ ಮುಚ್ಚಿಟ್ಟೆ. ಬೈಯೋದಿದ್ರೆ ನನ್ನ ಬೈಯಿ." ಹೆಂಗಸರು ಮೂಗು ಒರೆಸಿಕೊಂಡರು. ಸುರ್ಯೋನ್ ಒಮ್ಮೆ ಮಾವನ ಕಡೆ ನೋಡಿ, ಕಣ್ಣು ಕೆಳಗೆ ಹಾಕಿದಳು. ಬಾಯಿ ಬಿಡಬೇಡ ಎಂದಿದ್ದನಲ್ಲ, ಆ ಮಾತನ್ನು ಅವಳು ಇನ್ನೂ ನಡೆಸುತ್ತಿದ್ದಳು.

ನಾಮ್‌ಗುಂಗರು ಗಾಳಿಗೆಂದು ಹೊರಗೆ ಹೋದಾಗ ದೊಕ್‌ಬೇ ಹಿಂದೆಯೇ ಹೋದ. ಕಾರು ನಿಲ್ಲಿಸುವ ಜಾಗದ ಪಕ್ಕದ ಕಲ್ಲಿನ ಬೆಂಚಿನ ಮೇಲೆ ಅವರು ಕೂತಿದ್ದರು. ಅವನು ಕೂರಲಿಲ್ಲ.

"ಹಿರಿಯರೇ, ನನಗೆ ಆರು ಗಂಟೆಗೇ ಗೊತ್ತಿತ್ತು."

ಅವರು ಮೊದಲು ಅರ್ಥವಾಗದವರ ಹಾಗೆ ನೋಡಿದರು. ಅವನು ಫೋನಿನ ವಿಷಯ ಹೇಳಿದ, ಹಿತ್ತಲ ಮರದ ವಿಷಯ ಹೇಳಿದ, ಸುರ್ಯೋನ್‌ಗೆ ಏನೆಂದೆ ಎಂದೂ ಹೇಳಿದ. ಕೊನೆಗೆ, ದಳವಾಯಿಗಳೂ ಸಾವನ್ನು ಮುಚ್ಚಿಡಿ ಅಂದಿದ್ದರಲ್ಲ ಎಂದು ತೊದಲಿದ. ಹೇಳುವಾಗಲೇ ಅದು ಎಷ್ಟು ಸಣ್ಣ ಮಾತು ಎಂದು ಅವನಿಗೇ ಕೇಳಿಸಿತು.

ನಾಮ್‌ಗುಂಗರು ಕೋಲಿನ ತುದಿಯಿಂದ ನೆಲವನ್ನು ಕೆರೆದರು.

"ಅವರು ಮುಚ್ಚಿಡಿ ಅಂದದ್ದು ಬೇರೆಯವರು ಗೆಲ್ಲಲಿ ಅಂತ. ನೀನು ಯಾರನ್ನ ಗೆಲ್ಲಿಸಿದೆ?"

ದೊಕ್‌ಬೇ ತಲೆ ತಗ್ಗಿಸಿದ. ಭೂಮಿ ಬಾಯಿ ಬಿಟ್ಟರೆ ಇಳಿದುಹೋಗಬೇಕು ಎನ್ನಿಸಿತು. ಭೂಮಿ ಹಾಗೆಲ್ಲ ಉಪಕಾರ ಮಾಡುವುದಿಲ್ಲ.

"ನಿಮ್ಮಪ್ಪ ಬಾಗಿಲಲ್ಲಿ ನಿಂತು ಬಿದ್ದಿದೆ ಬುದ್ಧಿ ಅಂದಾಗ ನಕ್ಕವರಲ್ಲಿ ನಾನೂ ಒಬ್ಬ" ಎಂದರು ಮುದುಕರು. "ನಂಗಾಗ ಇಪ್ಪತ್ತಾರು. ಆ ನಗು ಗಂಟಲಲ್ಲೇ ಸಿಕ್ಕಿಕೊಂಡಿದೆ ಕಣಪ್ಪ. ಅದನ್ನ ತೊಳ್ಕೊಳೋಣ ಅಂತಲೇ ನಿಂಗೆ ಬಟ್ಟಲು ಕೊಡಿಸಿದೆ. ನನ್ನ ಸ್ವಾರ್ಥಾನೂ ಇತ್ತು, ಇಲ್ಲ ಅನ್ನಲ್ಲ."

ಪಟ್ಟಿಯಿಂದ ತನ್ನ ಹೆಸರು ಹೊಡೆದುಹಾಕಿ ಎಂದು ದೊಕ್‌ಬೇ ಕೇಳಿಕೊಂಡ. ನಾಮ್‌ಗುಂಗರು ಆಗದು ಎಂದು ತಲೆಯಾಡಿಸಿದರು. ಬರೆದದ್ದನ್ನು ಹೊಡೆಯುವ ಪದ್ಧತಿ ನಮ್ಮಲ್ಲಿಲ್ಲ ಎಂದರು. ವರ್ಷವರ್ಷವೂ ಓದುತ್ತಾರೆ, ನೀನು ನಿಂತು ಕೇಳಿಸಿಕೋ. ನಾನಂತೂ ಯಾರಿಗೂ ಹೇಳುವವನಲ್ಲ, ಅದು ನನ್ನ ಕೆಲಸವಲ್ಲ. ಹೀಗೆಂದು ಕೋಲೂರಿ ಎದ್ದರು. ದೊಕ್‌ಬೇ ಕೈ ಕೊಡಲು ಹೋದ. ಅವರು ಕೈ ಹಿಡಿದುಕೊಳ್ಳಲಿಲ್ಲ, ತಾವೇ ನಿಧಾನವಾಗಿ ಒಳಗೆ ಹೋದರು.

ಆ ವರ್ಷ ಹೇಗೆ ಕಳೆಯಿತು ಎಂದು ಅವನನ್ನೇ ಕೇಳಬೇಕು. ಊರಿನಲ್ಲಿ ಅವನ ಮರ್ಯಾದೆ ಏರಿತು. ಅಕ್ಕ ಸತ್ತದ್ದು ಗೊತ್ತಿಲ್ಲದೆ ದಳವಾಯಿಗಳ ಸೇವೆ ಮಾಡಿದ, ಹಿರಿಯರು ಮುಚ್ಚಿಟ್ಟರೂ ಒಂದು ಮಾತು ಆಡಲಿಲ್ಲ ಎಂದು ಷೆಡ್ಡಿನಲ್ಲಿ ಹೆಂಗಸರು ಕಥೆ ಹೇಳಿಕೊಂಡರು. ಬಾಯಿಂದ ಬಾಯಿಗೆ ಹೋದ ಹಾಗೆ ಅವನು ದೊಡ್ಡವನಾಗುತ್ತಾ ಹೋದ. ಯಾರಾದರೂ ಹೊಗಳಿದರೆ ಅವನು ಎದ್ದುಹೋಗುತ್ತಿದ್ದ, ಅದಕ್ಕೂ ಎಷ್ಟು ವಿನಯ ನೋಡಿ ಎನ್ನುತ್ತಿದ್ದರು. ಕುಂಬಳಕಾಯಿ ಕಳ್ಳ ಎಂದು ಯಾರಾದರೂ ಕೂಗಿದ್ದರೆ ಹೆಗಲಾದರೂ ಮುಟ್ಟಿ ನೋಡಿಕೊಳ್ಳುತ್ತಿದ್ದ. ಕೂಗುವವರೇ ಇರಲಿಲ್ಲ. ಒಕ್‌ಬುನ್‌ಗೂ ಹೇಳಲು ಆಗಲಿಲ್ಲ. ನಿಮ್ಮ ಮನಸ್ಸು ದೊಡ್ಡದು ಎಂದಿದ್ದಳಲ್ಲ, ಆ ಮಾತು ಅಡ್ಡ ನಿಂತಿತ್ತು.

ಮತ್ತೆ ಹನ್ನೊಂದನೆಯ ತಿಂಗಳು ಬಂತು. ಬಟ್ಟಲು ಬೇಡ, ಈ ಸಲ ಪಾತ್ರೆ ಬೆಳಗುತ್ತೇನೆ ಎಂದು ಅವನು ತಾನಾಗಿ ಹೇಳಿದ. ಹತ್ತೊಂಬತ್ತರ ಬೆಳಿಗ್ಗೆ ಅಪ್ಪ ಕೂರುತ್ತಿದ್ದ ಜಾಗದಲ್ಲೇ, ಗುಡಿಯ ಬಾಗಿಲಿನ ಎಡಕ್ಕೆ, ಬೂದಿ ಮತ್ತು ಹುಲ್ಲಿನ ಸುರುಳಿ ಇಟ್ಟುಕೊಂಡು ಕೂತ. ನೀರು ಕೊರೆಯುತ್ತಿತ್ತು. ಬಾಗಿಲಲ್ಲಿ ಮೂವರನ್ನು ಕೇಳಿದರು, ಮೂರನೆಯ ಪ್ರಶ್ನೆಗೆ ಮೂವರೂ ಇಲ್ಲ ಎಂದು ಒಳಗೆ ಹೋದರು. ಅಂಗಳದಲ್ಲಿ ಪಟ್ಟಿ ಓದಲು ಶುರುಮಾಡಿದರು. ಮೊದಲ ಹೆಸರೇ ಪ್ಯೋ ದೊಕ್‌ಬೇ.

ಹೆಸರು ಕೇಳಿ ಜನ ಹಿಂದಕ್ಕೆ ತಿರುಗಿ ಅವನನ್ನು ನೋಡಿದರು. ಕೆಲವರು ತಲೆಬಾಗಿದರು. ಹತ್ತಿರದಲ್ಲಿ ನಿಂತಿದ್ದ ಮುದಿ ಮೀನುಗಾರನೊಬ್ಬ ಪಕ್ಕದವನಿಗೆ ನಗುತ್ತಾ ಹೇಳಿದ.

"ಅಂತೂ ಪ್ಯೋ ಮನೆಯವರ ಬಟ್ಟಲು ಬಾಯಿಗೆ ಬಂತು. ಅವರಪ್ಪನ ಥರ ಪೆದ್ದ ಅಲ್ಲ ಇವನು."

ದೊಕ್‌ಬೇ ಕೈಯಲ್ಲಿದ್ದ ಬಟ್ಟಲನ್ನು ಕೆಳಗಿಟ್ಟ. ಎದ್ದು ನಿಂತ. ಮೊಣಕೈವರೆಗೂ ಬೂದಿಯಾಗಿತ್ತು.

"ನಮ್ಮಪ್ಪ ಪೆದ್ದ ಅಲ್ಲ" ಎಂದ. ದನಿ ಅವನು ಅಂದುಕೊಂಡದ್ದಕ್ಕಿಂತ ಜೋರಾಗಿಯೇ ಬಂತು. ಓದುತ್ತಿದ್ದವನು ನಿಲ್ಲಿಸಿದ. "ಅವನು ಈ ಬಾಗಿಲಲ್ಲಿ ನಿಜ ಹೇಳಿದ. ನಾನು ಸುಳ್ಳು ಹೇಳಿದೆ. ಅಕ್ಕ ಸತ್ತದ್ದು ನಂಗೆ ಬೆಳಿಗ್ಗೆ ಆರಕ್ಕೇ ಗೊತ್ತಿತ್ತು. ಗೊತ್ತಿದ್ದೂ ಹಾಕಿದೆ."

ಮುದಿ ಮೀನುಗಾರನ ನಗು ಮುಖದಲ್ಲೇ ಉಳಿದು, ಆಮೇಲೆ ಹೋಯಿತು. ಅಡುಗೆಯ ಕಡೆಯಿಂದ ಒಕ್‌ಬುನ್ ಕೈಯಲ್ಲಿ ಸೌಟು ಹಿಡಿದು ಬಂದು ನಿಂತಿದ್ದಳು. ಅವಳ ಮುಖವನ್ನು ನೋಡುವ ಧೈರ್ಯ ಅವನಿಗಾಗಲಿಲ್ಲ. ಎಲ್ಲರೂ ನಾಮ್‌ಗುಂಗರ ಕಡೆ ನೋಡಿದರು. ಅವರು ಬಾಗಿಲ ಪಕ್ಕದ ಕುರ್ಚಿಯಲ್ಲಿ ಕಂಬಳಿ ಹೊದ್ದು ಕೂತಿದ್ದರು.

"ಮುಂದಕ್ಕೆ ಓದಪ್ಪ" ಎಂದರು.

ಓದುವವನು ಗಂಟಲು ಸರಿಮಾಡಿಕೊಂಡು ಎರಡನೆಯ ಹೆಸರು ಓದಿದ, ಮೂರನೆಯದು ಓದಿದ. ದೊಕ್‌ಬೇ ಮತ್ತೆ ಕೂತು, ಅರ್ಧ ಬೆಳಗಿದ ಬಟ್ಟಲನ್ನು ಎತ್ತಿಕೊಂಡ. ಬೂದಿ ಹಚ್ಚಿ ಉಜ್ಜತೊಡಗಿದ. ಸ್ವಲ್ಪ ಹೊತ್ತಿಗೆ ಒಕ್‌ಬುನ್ ಬಂದಳು. ಅವನ ಪಕ್ಕದಲ್ಲಿ ಕೂತು, ತೋಳು ಮಡಿಸಿ, ರಾಶಿಯಿಂದ ಇನ್ನೊಂದು ಪಾತ್ರೆ ತೆಗೆದುಕೊಂಡಳು.